ನೂರು ಡಾಲರಿಗೆ ಬಿಕರಿಯಾದ ಆಟಗಾರ

1978ರ ಅಕ್ಟೋಬರ್. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನ ಆ ವರ್ಷದ ಆಟ ಅರ್ಧ ದಾರಿಯನ್ನೂ ದಾಟಿರಲಿಲ್ಲ, ಆರು ಪಂದ್ಯ ಮುಗಿದಿದ್ದವಷ್ಟೆ. ಮಿನೆಸೋಟ ವೈಕಿಂಗ್ಸ್ ತಂಡ ತನ್ನ ಹಳೆಯ ಹುಲಿಯೊಂದನ್ನು ಪಟ್ಟಿಯಿಂದ ಹೊಡೆದು ಹಾಕಿತು. ಹೆಸರು ಅಲನ್ ಪೇಜ್, ವಯಸ್ಸು 33, ತಂಡದಲ್ಲಿ ಹನ್ನೆರಡನೇ ವರ್ಷ. ಕಾರಣ ಕೇಳಿದರೆ ನಗು ಬರಬೇಕು: ಆಸಾಮಿ ತೆಳ್ಳಗಾಗಿಬಿಟ್ಟಿದ್ದಾನೆ. ಬಂದಾಗ 111 ಕಿಲೋ ಆಸುಪಾಸು ಇದ್ದವನು ಈಗ ನೂರರ ಹತ್ತಿರಕ್ಕೆ ಇಳಿದಿದ್ದಾನೆ, ಎದುರಿನ ದೈತ್ಯರ ಮುಂದೆ ನಿಲ್ಲಲಾರ ಎಂಬುದು ಕೋಚ್ ಬಡ್ ಗ್ರ್ಯಾಂಟ್ ಅವರ ಲೆಕ್ಕ. ಒಂದು ತಂಡ ಕೈಬಿಟ್ಟವನನ್ನು ಇನ್ನೊಂದು ತಂಡ ನಿಗದಿತ ಶುಲ್ಕ ಕಟ್ಟಿ ಎತ್ತಿಕೊಳ್ಳಬಹುದು ಎಂಬ ನಿಯಮವಿತ್ತು. ಶುಲ್ಕ 100 ಡಾಲರ್. ಷಿಕಾಗೊ ಬೇರ್ಸ್ ಅಷ್ಟು ದುಡ್ಡು ಕಟ್ಟಿ ಪೇಜ್ ಅವರನ್ನು ಕರೆದುಕೊಂಡು ಹೋಯಿತು.

ಏಳು ವರ್ಷದ ಹಿಂದೆ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಎಂಬ ಪಟ್ಟ ಇದೇ ಮನುಷ್ಯನ ತಲೆ ಮೇಲಿತ್ತು. ಹದಿನಾಲ್ಕು ವರ್ಷದ ನಂತರ ಇದೇ ಮನುಷ್ಯ ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಆರಿಸಿಬಂದರು. ಆಟಗಾರನೊಬ್ಬ ನ್ಯಾಯಾಧೀಶನಾದ ಪವಾಡ ಎಂದು ಅಮೆರಿಕದ ಪತ್ರಿಕೆಗಳು ಈ ಕಥೆಯನ್ನು ಸಾವಿರ ಸಲ ಬರೆದಿವೆ. ನನಗೆ ಅದು ತಲೆಕೆಳಗಾದ ಓದು ಅನಿಸುತ್ತದೆ. ಬಾಲ್ಯದಿಂದ ವಕೀಲನಾಗಬೇಕೆಂದಿದ್ದ ಹುಡುಗನೊಬ್ಬ ನಡುವೆ ಹದಿನೈದು ವರ್ಷ ಫುಟ್‌ಬಾಲ್ ನೌಕರಿ ಮಾಡಿದ. ಆ ನೌಕರಿಯನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ ಜನ ಅದನ್ನೇ ಅವನ ಬದುಕು ಎಂದುಕೊಂಡರು.

ಪೇಜ್ ಹುಟ್ಟಿದ್ದು 1945ರ ಆಗಸ್ಟ್ 7ರಂದು, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿಯ ಕಪ್ಪು ಜನರ ಮನೆಯ ಗಂಡುಮಕ್ಕಳ ಮುಂದೆ ಇದ್ದ ದಾರಿಗಳು ಬಹಳವಲ್ಲ. ಒಂದು ಕುಲುಮೆ, ಇನ್ನೊಂದು ಇಂಥದೇ ಮೈಮುರಿಯುವ ಕೆಲಸ. ಹುಡುಗನಿಗೆ ಎರಡೂ ಬೇಡವಾಗಿದ್ದವು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಣ್ಣದ ಬೇಲಿ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಾಗ ಅವನಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಕಾನೂನಿಗೆ ಇಂಥ ಶಕ್ತಿ ಇದೆಯೇ ಎಂದು ಬೆರಗಾದೆ ಎಂದು ಪೇಜ್ ಮುಂದೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಟಿವಿಯಲ್ಲಿ ಪೆರಿ ಮೇಸನ್ ಧಾರಾವಾಹಿಯ ವಕೀಲ ಪ್ರತಿ ವಾರವೂ ಗೆಲ್ಲುತ್ತಿದ್ದ ಎಂಬುದೂ ಆ ಆಸೆಗೆ ಗೊಬ್ಬರ ಹಾಕಿರಬೇಕು. ಹದಿಮೂರಕ್ಕೆ ತಾಯಿ ತೀರಿಕೊಂಡರು.

ಕ್ಯಾಂಟನ್‌ಗೆ ಇನ್ನೊಂದು ಹೆಗ್ಗಳಿಕೆ ಇದೆ. 1920ರಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗು ಹುಟ್ಟಿದ್ದು ಅದೇ ಊರಿನ ಒಂದು ಕಾರು ಮಾರುವ ಅಂಗಡಿಯಲ್ಲಿ. ಹಾಗಾಗಿ ಅರವತ್ತರ ದಶಕದ ಆರಂಭದಲ್ಲಿ ಲೀಗಿನ ಮಹಾನ್ ಆಟಗಾರರ ಗೌರವಭವನ, ಅಲ್ಲಿಯವರ ಬಾಯಲ್ಲಿ 'ಹಾಲ್ ಆಫ್ ಫೇಮ್', ಅಲ್ಲೇ ಏಳತೊಡಗಿತು. ಆ ಕಟ್ಟಡದ ಕೆಲಸಕ್ಕೆ ಕೂಲಿಗೆ ಸೇರಿದವರಲ್ಲಿ ಹೈಸ್ಕೂಲು ಹುಡುಗ ಅಲನ್ ಪೇಜ್ ಕೂಡ ಒಬ್ಬ. ಕಾಲು ಶತಮಾನದ ಬಳಿಕ ಅದೇ ಭವನದಲ್ಲಿ ಆತನ ಕಂಚಿನ ತಲೆ ಕೂತಿತು. ಕಾದಂಬರಿಕಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಹೈಸ್ಕೂಲಿನಿಂದ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ. ಕ್ಯಾಥೊಲಿಕ್ ಸಂಸ್ಥೆ, ಫುಟ್‌ಬಾಲಿನಲ್ಲಿ ಘರಾನೆ ಎನ್ನುವಂಥ ಹೆಸರು. ಅಲ್ಲಿ ಅವರಿದ್ದ ತಂಡ 1966ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಪದವಿ ರಾಜ್ಯಶಾಸ್ತ್ರದಲ್ಲಿ. 1967ರಲ್ಲಿ ಕಾಲೇಜು ಹುಡುಗರನ್ನು ತಂಡಗಳು ಹಂಚಿಕೊಳ್ಳುವ ಡ್ರಾಫ್ಟ್‌ನಲ್ಲಿ ಹದಿನೈದನೆಯವರಾಗಿ ವೈಕಿಂಗ್ಸ್ ಪಾಲಾದರು.

ಆಟದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ಅಮೆರಿಕನ್ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಒಂದೊಂದು ಕಡೆ ಹನ್ನೊಂದು ಮಂದಿ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಪ್ರಯತ್ನ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಬಿಟ್ಟುಕೊಡಬೇಕು. ಚೆಂಡು ಕೈ ಬದಲಾದರೆ ಮೈದಾನದಲ್ಲಿರುವ ಆಟಗಾರರೂ ಬದಲಾಗುತ್ತಾರೆ. ದಾಳಿಗೆ ಒಂದು ಪಡೆ, ತಡೆಗೆ ಇನ್ನೊಂದು. ದಾಳಿಯ ಸೂತ್ರಧಾರ ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ಗುಡ್ಡಗಳು ಸಾಲಾಗಿ ನಿಂತು ಕಾಯುತ್ತವೆ. ಆ ಸಾಲಿನ ಎದುರು, ಒಂದು ಮೊಳ ಅಂತರದಲ್ಲಿ, ಕೈ ನೆಲಕ್ಕೂರಿ ಬಗ್ಗಿ ನಿಂತವರು ಡಿಫೆನ್ಸ್‌ನ ಮುಂಚೂಣಿಯವರು. ತುದಿಯಲ್ಲಿರುವ ಇಬ್ಬರು ಎಂಡ್‌ಗಳು, ಒಳಗಿನ ಇಬ್ಬರು ಟ್ಯಾಕಲ್‌ಗಳು. ಪೇಜ್ ಬಲಗಡೆಯ ಟ್ಯಾಕಲ್.

ಕಬಡ್ಡಿಯಲ್ಲಿ ರೈಡರ್ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಅವನ ಪಾದ ಹಿಡಿದು ಕೆಡವಿದವನ ಹೆಸರು ಅಂಕಣದ ಪಕ್ಕ ಕೂತವರಿಗೆ ಮಾತ್ರ. ಟ್ಯಾಕಲ್‌ನ ಹಣೆಬರಹವೂ ಅದೇ. ಎಂಡ್‌ಗಾದರೂ ಹೊರಗಿಂದ ಸುತ್ತಿ ಓಡಲು ಬಯಲಿದೆ. ಒಳಗಿನವನಿಗೆ ಎದುರಿಗೊಬ್ಬ, ಪಕ್ಕಕ್ಕೊಬ್ಬ ಮೈಮೇಲೆ ಬೀಳುತ್ತಾರೆ. ಆಗಿನ ಕೋಚ್‌ಗಳ ಪ್ರಕಾರ ಅವನ ಕೆಲಸ ಜಾಗ ಬಿಡದೆ ಬಂಡೆಯಂತೆ ನಿಲ್ಲುವುದು, ಬಂದವರನ್ನು ತಡೆದುಕೊಳ್ಳುವುದು. ಅದಕ್ಕೇ ತೂಕ.

ಪೇಜ್ ಇದನ್ನು ಬೇರೆ ರೀತಿ ಆಡಿದರು. ಆರಡಿ ನಾಲ್ಕಂಗುಲದ ಆ ದೇಹ ಚೆಂಡು ಅಲುಗಿದ ಗಳಿಗೆಯಲ್ಲೇ ಎದುರಾಳಿಯ ಭುಜದ ಪಕ್ಕದ ಸಂದಿನಲ್ಲಿ ತೂರಿ ಆಚೆ ಹೋಗಿರುತ್ತಿತ್ತು. ಎದುರಿನವನು ಎದ್ದು ನಿಲ್ಲುವಷ್ಟರಲ್ಲಿ ಇವರು ಅವನ ಬೆನ್ನ ಹಿಂದೆ. ಹಳೆಯ ಚಿತ್ರಗಳನ್ನು ನಿಧಾನಗತಿಯಲ್ಲಿ ನೋಡಿದರೆ ತಿಳಿಯುತ್ತದೆ: ಮಿಕ್ಕ ಇಪ್ಪತ್ತೊಂದು ಜನ ಇನ್ನೂ ಬಗ್ಗಿಯೇ ಇದ್ದಾರೆ, ನೇರಳೆ ಅಂಗಿಯ 88ನೇ ನಂಬರು ಒಂದು ಹೆಜ್ಜೆ ಮುಂದಿದೆ. ಒಮ್ಮೊಮ್ಮೆ ಈ ಆತುರ ಕೈಕೊಡುತ್ತಿತ್ತು. ಬಿಟ್ಟುಹೋದ ಜಾಗದಲ್ಲೇ ಎದುರಾಳಿ ಚೆಂಡು ಹಿಡಿದು ಓಡುತ್ತಿದ್ದ. ಕೋಚ್‌ಗಳಿಗೆ ತಲೆಬಿಸಿ. ಆದರೆ ಹತ್ತರಲ್ಲಿ ಒಂದು ಸಲ ತಪ್ಪುವವನನ್ನು ತಿದ್ದಲು ಹೋಗಿ ಒಂಬತ್ತು ಸಲದ ಗೆಲುವನ್ನು ಯಾರು ಕಳೆದುಕೊಳ್ಳುತ್ತಾರೆ?

ವೈಕಿಂಗ್ಸ್‌ನ ಆ ನಾಲ್ವರ ಸಾಲು, ಅಂದರೆ ಜಿಮ್ ಮಾರ್ಷಲ್, ಅಲನ್ ಪೇಜ್, ಗ್ಯಾರಿ ಲಾರ್ಸನ್, ಕಾರ್ಲ್ ಎಲ್ಲರ್, 'ನೇರಳೆ ನರಭಕ್ಷಕರು' ಎಂಬರ್ಥದ ಅಡ್ಡಹೆಸರು ಪಡೆಯಿತು. 1958ರ ಒಂದು ತಮಾಷೆ ಹಾಡಿನಿಂದ ಬಂದ ಹೆಸರು. ಮಾರ್ಷಲ್ 1964ರಲ್ಲಿ ಎದುರಾಳಿ ಬೀಳಿಸಿದ ಚೆಂಡನ್ನು ಎತ್ತಿಕೊಂಡು 66 ಗಜ ತಪ್ಪು ದಿಕ್ಕಿಗೆ ಓಡಿ, ಎದುರಾಳಿಗೇ ಎರಡು ಅಂಕ ದಾನ ಮಾಡಿದ ಪುಣ್ಯಾತ್ಮ. ಆಮೇಲೂ ಹದಿನೈದು ವರ್ಷ ಒಂದೂ ಪಂದ್ಯ ತಪ್ಪಿಸದೆ ಆಡಿದರು ಎಂಬುದನ್ನು ಜನ ನೆನೆಯುವುದು ಕಡಿಮೆ. ಇವರೆಲ್ಲ ಆಡುತ್ತಿದ್ದುದು ಬ್ಲೂಮಿಂಗ್ಟನ್‌ನ ಬಯಲು ಕ್ರೀಡಾಂಗಣದಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ನೆಲ ಕಲ್ಲಾಗುತ್ತದೆ. ಬಡ್ ಗ್ರ್ಯಾಂಟ್ ಮೈದಾನದ ಅಂಚಿನಲ್ಲಿ ಹೀಟರ್ ಇಡಲು ಬಿಡುತ್ತಿರಲಿಲ್ಲ. ನಮಗೆ ಚಳಿಯಾಗುತ್ತಿಲ್ಲ ಎಂದು ಎದುರಾಳಿಗೆ ಅನಿಸಿದರೆ ಅರ್ಧ ಗೆದ್ದಂತೆ ಎಂಬ ಯುಕ್ತಿ. 1969ರಲ್ಲಿ ಹದಿನಾಲ್ಕು ಪಂದ್ಯಗಳಲ್ಲಿ ಈ ತಂಡ ಬಿಟ್ಟುಕೊಟ್ಟದ್ದು ಒಟ್ಟು 133 ಅಂಕ, ಅಂದರೆ ಪಂದ್ಯಕ್ಕೆ ಹತ್ತೂ ಇಲ್ಲ.

1971 ಪೇಜ್ ಅವರ ವರ್ಷ. ಆವರೆಗೆ ಅಸೋಸಿಯೇಟೆಡ್ ಪ್ರೆಸ್ ಕೊಡುವ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಚೆಂಡು ಎಸೆಯುವವರು ಮತ್ತು ಹೊತ್ತು ಓಡುವವರ ಮನೆಯ ಆಸ್ತಿಯಂತಿತ್ತು. ಡಿಫೆನ್ಸ್‌ನವರೊಬ್ಬರಿಗೆ ಮೊದಲ ಸಲ ದಕ್ಕಿದ್ದು ಆಗ. ಆಮೇಲೆ ಅದು ಡಿಫೆನ್ಸ್‌ಗೆ ಬಂದದ್ದು ಇನ್ನೊಂದೇ ಸಲ, 1986ರಲ್ಲಿ ಲಾರೆನ್ಸ್ ಟೇಲರ್‌ಗೆ. 1971ರ ಡಿಸೆಂಬರಿನಲ್ಲಿ ಡೆಟ್ರಾಯಿಟ್ ಲಯನ್ಸ್ ಎದುರಿನ ಪಂದ್ಯದ ತುಣುಕು ಇವತ್ತಿಗೂ ಓಡಾಡುತ್ತಿದೆ. ರೆಫರಿಗಳು ಪೇಜ್ ಮೇಲೆ ಒಂದರ ಹಿಂದೊಂದು ದಂಡ ಹಾಕಿದರು. ಸಿಟ್ಟು ನೆತ್ತಿಗೇರಿದ ಮನುಷ್ಯ ಬಾಯಿ ಬಿಡದೆ ಹೋಗಿ ತನ್ನ ಜಾಗದಲ್ಲಿ ಬಗ್ಗಿ ನಿಂತರು. ಮುಂದಿನ ಕೆಲವು ನಿಮಿಷ ಲಯನ್ಸ್‌ಗೆ ಚೆಂಡು ಹಿಡಿದು ಉಸಿರು ಬಿಡಲೂ ಪುರಸತ್ತು ಸಿಗಲಿಲ್ಲ.

ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮೊದಲೇ ಕೆಡವುವುದಕ್ಕೆ 'ಸ್ಯಾಕ್' ಎನ್ನುತ್ತಾರೆ. ಡಿಫೆನ್ಸ್‌ನವರ ಕೀರ್ತಿಯ ನಾಣ್ಯ ಅದು. ಪೇಜ್ ಹೆಸರಿನಲ್ಲಿ 148.5 ಸ್ಯಾಕ್ ಇವೆ ಎಂದು ಹಳೆಯ ಚಿತ್ರ ನೋಡಿ ಲೆಕ್ಕ ಹಾಕಿದವರು ಹೇಳುತ್ತಾರೆ. ಲೀಗಿನ ಅಧಿಕೃತ ಪುಸ್ತಕದಲ್ಲಿ ಮಾತ್ರ ಅವರ ಲೆಕ್ಕ ಸೊನ್ನೆ. ಏಕೆಂದರೆ ಲೀಗು ಸ್ಯಾಕ್ ಎಣಿಸಲು ಶುರುಮಾಡಿದ್ದು 1982ರಲ್ಲಿ. ಪೇಜ್ ಬೂಟು ಬಿಚ್ಚಿಟ್ಟದ್ದು 1981ರಲ್ಲಿ. ನಡುವೆ ಒಂದೂ ಪಂದ್ಯ ಬಿಡದೆ 218 ಪಂದ್ಯ ಆಡಿದ್ದು, ಎದುರಾಳಿ ಒದ್ದ ಚೆಂಡನ್ನು 28 ಸಲ ಗಾಳಿಯಲ್ಲೇ ತಡೆದದ್ದು ದಾಖಲೆಯಲ್ಲಿದೆ.

ದೊಡ್ಡ ಪಂದ್ಯ ಮಾತ್ರ ಅವರಿಗೆ ಒಲಿಯಲಿಲ್ಲ. ವೈಕಿಂಗ್ಸ್ ನಾಲ್ಕು ಸಲ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಹೋಯಿತು, ನಾಲ್ಕೂ ಸಲ ಸೋತು ಬಂತು. ಸೋಲಿಸಿದವರು ಕ್ಯಾನ್ಸಸ್ ಸಿಟಿ, ಮಯಾಮಿ, ಪಿಟ್ಸ್‌ಬರ್ಗ್, ಓಕ್ಲಂಡ್. ಇನ್ನೂ ಒಂದು ಸಲ ಹೋಗಬಹುದಿದ್ದ ದಾರಿ 1975ರ ಡಿಸೆಂಬರ್ 28ರಂದು ಕೊನೆಯ ಅರ್ಧ ನಿಮಿಷದಲ್ಲಿ ಮುಚ್ಚಿತು. ಡಲ್ಲಸ್ ಕೌಬಾಯ್ಸ್‌ನ ರೋಜರ್ ಸ್ಟಾಬಾಕ್ ಐವತ್ತು ಗಜ ದೂರದಿಂದ ದೇವರ ಮೇಲೆ ಭಾರ ಹಾಕಿ ಎಸೆದ ಚೆಂಡು ಡ್ರೂ ಪಿಯರ್ಸನ್ ಕೈಸೇರಿತು. ಪಿಯರ್ಸನ್ ತಮ್ಮವನನ್ನು ತಳ್ಳಿದ್ದಾನೆಂದು ವೈಕಿಂಗ್ಸ್ ಕೂಗಾಡಿತು, ರೆಫರಿ ಒಪ್ಪಲಿಲ್ಲ. ವಾದಕ್ಕಿಳಿದ ಪೇಜ್‌ಗೆ ದಂಡ ಬಿತ್ತು. ಪ್ರೇಕ್ಷಕರಲ್ಲಿ ಯಾರೋ ಎಸೆದ ವಿಸ್ಕಿ ಬಾಟಲಿ ಒಬ್ಬ ರೆಫರಿಯ ಹಣೆ ಒಡೆಯಿತು. 17-14. ಅಭಿಮಾನಿಗಳು ಇವತ್ತಿಗೂ ಆ ಗಾಯ ಕೆರೆದುಕೊಳ್ಳುತ್ತಾರೆ. ಸೂಪರ್ ಬೌಲ್ ಸೋಲಿನ ಬಗ್ಗೆ ಕೇಳಿದವರಿಗೆ ಪೇಜ್ ಮಾತ್ರ, ನಿರಾಸೆಯೇನೋ ನಿಜ, ಆದರೆ ಅದೊಂದು ಪಂದ್ಯ ಎಂಬ ಧಾಟಿಯಲ್ಲೇ ಉತ್ತರಿಸುತ್ತ ಬಂದಿದ್ದಾರೆ. ಈ ನಿರ್ಲಿಪ್ತತೆ ಕೆಲವರಿಗೆ ಅಹಂಕಾರದಂತೆ ಕಂಡಿತು. ಆಟಗಾರರ ಸಂಘದಲ್ಲಿ ತಂಡದ ಪ್ರತಿನಿಧಿಯಾಗಿ ಮಾಲೀಕರ ಎದುರು ಕೂತು ಮಾತನಾಡುತ್ತಿದ್ದುದೂ ಆಡಳಿತಕ್ಕೆ ಹಿತವಾಗಿರಲಿಕ್ಕಿಲ್ಲ.

ವಕೀಲಿಕೆಯ ಆಸೆ ಅಷ್ಟು ದಿನ ಎಲ್ಲಿತ್ತು? ಆಟಕ್ಕೆ ಸೇರಿದ ಮೊದಲ ವರ್ಷಗಳಲ್ಲೇ ಒಂದು ಕಾನೂನು ಕಾಲೇಜು ಸೇರಿ, ತಲೆಗೆ ಹತ್ತದೆ ಕೆಲವೇ ವಾರಗಳಲ್ಲಿ ಬಿಟ್ಟುಬಂದಿದ್ದರು. 1975ರಲ್ಲಿ, ತಂಡದ ಉಚ್ಛ್ರಾಯದ ಕಾಲದಲ್ಲೇ, ಮಿನೆಸೋಟ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಮತ್ತೆ ಸೇರಿದರು. ಭಾನುವಾರ ಸಾವಿರಾರು ಜನರ ಎದುರು ಯಾರನ್ನೋ ನೆಲಕ್ಕೆ ಕೆಡವಿ ಬಂದವರು ವಾರದಲ್ಲಿ ಕರಾರು ಕಾಯ್ದೆಯ ಪುಸ್ತಕ ಹಿಡಿದು ಹುಡುಗರ ನಡುವೆ ಕೂರುತ್ತಿದ್ದರು. 1978ರಲ್ಲಿ ಪದವಿ ಬಂತು. ವೈಕಿಂಗ್ಸ್ ಕೈಬಿಟ್ಟದ್ದೂ ಅದೇ ವರ್ಷ.

ತೂಕ ಇಳಿದ ಕಥೆಯೂ ಆ ಕಾಲದ್ದೇ. ಪತ್ನಿ ಡಯೇನ್ ಸಿಗರೇಟು ಬಿಡಲೆಂದು ಓಡಲು ಶುರುಮಾಡಿದರು, ಜೊತೆಗೆಂದು ಗಂಡನೂ ಹೊರಟರು. ಹೆಂಡತಿಯ ಚಟ ಬಿಡಿಸಲು ಹೋದವರಿಗೆ ಓಟದ ಚಟ ಹತ್ತಿಕೊಂಡಿತು. 1979ರಲ್ಲಿ ಪೂರ್ತಿ ಮ್ಯಾರಥಾನ್ ಓಡಿ ಮುಗಿಸಿದರು. ಲೀಗಿನಲ್ಲಿ ಇನ್ನೂ ಆಡುತ್ತಿರುವ ಒಬ್ಬ ಅದನ್ನು ಮಾಡಿದ್ದು ಅದೇ ಮೊದಲು. 1987ರಲ್ಲಿ 62 ಮೈಲಿ, ಹೆಚ್ಚುಕಡಿಮೆ ನೂರು ಕಿಲೋಮೀಟರ್ ಓಡಿದರು. ಇಂಥವರನ್ನು ಹಂದಿಯಂತೆ ಕೊಬ್ಬಿಸಿ ನಿಲ್ಲಿಸಿಕೊಳ್ಳಬೇಕೆಂದರೆ ಹೇಗೆ?

ನೂರು ಡಾಲರ್ ಕಟ್ಟಿದ ಷಿಕಾಗೊದವರು ಕಣ್ಣುಮುಚ್ಚಿ ಕೊಂಡವರಲ್ಲ. ಅಲ್ಲಿಯ ಮುಖ್ಯ ಕೋಚ್ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಬಡ್ಡಿ ರಯನ್ ಇಬ್ಬರೂ ಅದೇ ವರ್ಷ ವೈಕಿಂಗ್ಸ್ ಬಿಟ್ಟು ಬಂದವರು. ಪೇಜ್ ಆಡುವುದು ತೂಕದಿಂದಲ್ಲ, ವೇಗದಿಂದ ಎಂದು ಹತ್ತಿರದಿಂದ ಕಂಡಿದ್ದರು. (ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಇಳಿದವರಲ್ಲ, ಹೆಸರು ಮಾತ್ರ ಅದೇ.) ಬೇರ್ಸ್ ಪರ 58 ಪಂದ್ಯ, ಸುಮಾರು 40 ಸ್ಯಾಕ್. ಋತು ಮುಗಿದ ಮೇಲೆ ಮಿನಿಯಾಪೊಲಿಸ್‌ನ ಕಾನೂನು ಸಂಸ್ಥೆಯೊಂದರಲ್ಲಿ ಕಾರ್ಮಿಕ ವ್ಯಾಜ್ಯಗಳ ಕಡತ.

ಆ ವರ್ಷಗಳ ಒಂದು ಸಂಗತಿ ಅವರನ್ನು ಬಹಳ ಕಾಡಿತು. ತಂಡದ ಸಭೆಯೊಂದರಲ್ಲಿ ಕೋಚ್ ಆಟಗಾರರಿಗೆ ತಂತ್ರಗಳ ಪುಸ್ತಕವನ್ನು ಗಟ್ಟಿಯಾಗಿ ಓದಲು ಹೇಳಿದರು. ಒಬ್ಬರಾದ ಮೇಲೆ ಒಬ್ಬರು ಓದಿದರು. ಕೆಲವರು ತಡವರಿಸಿದರು. ಪೇಜ್‌ಗೆ ಆಗ ಹೊಳೆಯಿತು, ಇವರಿಗೆ ಓದಲು ಬರುವುದಿಲ್ಲ. ಹೈಸ್ಕೂಲು ಮುಗಿಸಿ, ಹೆಸರಾಂತ ವಿಶ್ವವಿದ್ಯಾಲಯಗಳನ್ನು ದಾಟಿ ಬಂದವರು! ಚೆಂಡು ಹಿಡಿಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ತರಗತಿಯಿಂದ ತರಗತಿಗೆ ದಾಟಿಸಿ ಕಳಿಸಿದ್ದರು. ಆಟ ಮುಗಿದ ಮರುದಿನ ಇವರ ಗತಿ ಏನು ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

1988ರಲ್ಲಿ ಹಾಲ್ ಆಫ್ ಫೇಮ್ ಕರೆ ಬಂದಾಗ ಪೇಜ್ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಸಭೆಗೆ ಪರಿಚಯಿಸಲು ಹಳೆಯ ಕೋಚ್‌ನನ್ನೋ ಜೊತೆಗಾರನನ್ನೋ ಕರೆತರುವುದು ರೂಢಿ. ಪೇಜ್ ಕರೆತಂದದ್ದು ಮಿನಿಯಾಪೊಲಿಸ್‌ನ ಒಂದು ಸರ್ಕಾರಿ ಹೈಸ್ಕೂಲಿನ ಪ್ರಾಂಶುಪಾಲೆ ವಿಲ್ಲರೀನ್ ಬೀಸ್ಲಿ ಅವರನ್ನು. ಭಾಷಣ ಪೂರಾ ಶಾಲೆ, ಓದು, ಮಕ್ಕಳ ಸುತ್ತ. ಅದೇ ವರ್ಷ ಡಯೇನ್ ಜೊತೆ ಸೇರಿ ಪೇಜ್ ಎಜುಕೇಷನ್ ಫೌಂಡೇಷನ್ ಶುರುಮಾಡಿದರು. ಅದರ ವಿದ್ಯಾರ್ಥಿವೇತನಕ್ಕೆ ಒಂದು ಷರತ್ತಿದೆ: ದುಡ್ಡು ಪಡೆದ ಕಾಲೇಜು ವಿದ್ಯಾರ್ಥಿ ತನಗಿಂತ ಚಿಕ್ಕ ಮಕ್ಕಳ ಜೊತೆ ಕೂತು ಅವರ ಓದಿಗೆ ಒತ್ತಾಸೆಯಾಗಬೇಕು.

ಇನ್ನು ಕೋರ್ಟು. ಮಿನೆಸೋಟದಲ್ಲಿ ನ್ಯಾಯಮೂರ್ತಿಗಳನ್ನು ಜನ ಚುನಾಯಿಸುತ್ತಾರೆ. ನಮ್ಮ ಹೈಕೋರ್ಟಿನವರು ಕರಪತ್ರ ಹಿಡಿದು ಮನೆ ಬಾಗಿಲಿಗೆ ಬಂದರೆ ಹೇಗಿರುತ್ತದೆಂದು ಊಹಿಸಿದರೆ ನನಗಂತೂ ಕಸಿವಿಸಿ. ಅಲ್ಲಿಯವರಿಗೂ ಆ ಕಸಿವಿಸಿ ಇದ್ದಿರಬೇಕು, ಅದಕ್ಕೇ ಒಂದು ಒಳದಾರಿ ಮಾಡಿಕೊಂಡಿದ್ದರು: ನ್ಯಾಯಮೂರ್ತಿಗಳು ಅವಧಿಯ ನಡುವೆ ನಿವೃತ್ತರಾಗುವುದು, ಗವರ್ನರ್ ಹೊಸಬರನ್ನು ನೇಮಿಸುವುದು, ಹಾಗೆ ನೇಮಕವಾದವರು ಮುಂದಿನ ಚುನಾವಣೆಯಲ್ಲಿ ಆರಾಮವಾಗಿ ಗೆಲ್ಲುವುದು. ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಪೇಜ್ 1992ರಲ್ಲಿ ಸ್ಪರ್ಧೆಗೆ ನಿಲ್ಲಲು ಹೊರಟಾಗ ಗವರ್ನರ್ ಆರ್ನಿ ಕಾರ್ಲ್‌ಸನ್ ಅವರು ಹಾಲಿ ನ್ಯಾಯಮೂರ್ತಿಯ ಅವಧಿಯನ್ನು ವಿಸ್ತರಿಸಿದರು. ಸ್ಥಾನವೇ ಖಾಲಿ ಇಲ್ಲ ಎಂದ ಮೇಲೆ ಚುನಾವಣೆ ಎಲ್ಲಿಂದ? ಪೇಜ್ ಕೋರ್ಟಿಗೆ ಹೋದರು. ಹಾಲಿ ನ್ಯಾಯಮೂರ್ತಿಗಳು ಹಿಂದೆ ಸರಿದರು, ವಿಶೇಷ ಪೀಠ ವಿಚಾರಣೆ ನಡೆಸಿ, ಚುನಾವಣೆ ನಡೆಯಲೇಬೇಕೆಂದಿತು. ಪೇಜ್ ಗೆದ್ದರು. ಆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಕೂತ ಮೊದಲ ಆಫ್ರಿಕನ್ ಅಮೆರಿಕನ್ ಅವರು. ಫುಟ್‌ಬಾಲ್ ಖ್ಯಾತಿ ಮತ ತಂದಿತೇ? ತಂದೇ ತಂದಿತು, ಸುಳ್ಳೇಕೆ. ಆದರೆ ಮತಪತ್ರದಲ್ಲಿ ಹೆಸರು ಬರುವಂತೆ ಮಾಡಿದ್ದು ಕಾನೂನು ಪುಸ್ತಕ. ಮತ್ತೆ ಮೂರು ಸಲ ಜನ ಆರಿಸಿದರು. 2015ರಲ್ಲಿ, ಎಪ್ಪತ್ತು ತುಂಬಿದವರು ಇಳಿಯಬೇಕೆಂಬ ನಿಯಮದಂತೆ ಇಳಿದರು.

ಪೀಠದಲ್ಲಿ ಬೋ ಟೈ ಕಟ್ಟಿ ಕೂರುವ, ಮಾತು ಕಡಿಮೆಯ ನ್ಯಾಯಮೂರ್ತಿ ಎಂದು ಹೆಸರಾದರು. 2009ರಲ್ಲಿ ಅಮೆರಿಕದ ಸೆನೆಟ್ ಸ್ಥಾನಕ್ಕಾಗಿ ಆಲ್ ಫ್ರಾಂಕೆನ್ ಮತ್ತು ನಾರ್ಮ್ ಕೋಲ್ಮನ್ ನಡುವೆ ತಿಂಗಳುಗಟ್ಟಲೆ ಎಳೆದಾಡಿದ ಮತ ಎಣಿಕೆಯ ವ್ಯಾಜ್ಯ ಆ ಕೋರ್ಟಿಗೆ ಬಂದಾಗ ಮುಖ್ಯ ನ್ಯಾಯಮೂರ್ತಿ ಹಿಂದೆ ಸರಿದಿದ್ದರು. ಐವರ ಪೀಠದ ಅಧ್ಯಕ್ಷತೆ ಪೇಜ್ ಪಾಲಿಗೆ ಬಂತು. 312 ಮತಗಳಿಂದ ಫ್ರಾಂಕೆನ್ ಗೆದ್ದದ್ದು ಸರಿ ಎಂದು ಪೀಠ ಒಮ್ಮತದಿಂದ ಹೇಳಿತು. ಸೋತವರೂ ಒಪ್ಪಿಕೊಂಡು ಸುಮ್ಮನಾದರು.

2018 ಅವರಿಗೆ ಕಷ್ಟದ ವರ್ಷ. ಸೆಪ್ಟೆಂಬರಿನಲ್ಲಿ ಡಯೇನ್ ಕ್ಯಾನ್ಸರಿನಿಂದ ಹೋದರು. ನವೆಂಬರಿನಲ್ಲಿ ಶ್ವೇತಭವನದಲ್ಲಿ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕ ಸಿಕ್ಕಿತು. ಅಂದು ಪದಕ ಪಡೆದವರ ಸಾಲಿನಲ್ಲಿ ಇನ್ನೊಬ್ಬ ಫುಟ್‌ಬಾಲ್ ಆಟಗಾರರೂ ಇದ್ದರು: ರೋಜರ್ ಸ್ಟಾಬಾಕ್.

ಗಂಡ ಹೆಂಡತಿ ಸೇರಿ ದಶಕಗಳ ಕಾಲ ಒಂದು ವಿಚಿತ್ರ ಸಂಗ್ರಹ ಕೂಡಿಸಿದ್ದರು. ಗುಲಾಮಗಿರಿಯ ಕಾಲದ ಸಾಮಾನು, ಬಿಳಿಯರಿಗೆ ಮಾತ್ರ ಎಂದು ಬರೆದ ಫಲಕ, ಲಿಂಕನ್ ಶವಯಾತ್ರೆಯ ರೈಲು ಹಾದಾಗ ಜನ ಹಿಡಿದಿದ್ದ ಬಟ್ಟೆಯ ಬ್ಯಾನರು. 2018ರ ಆರಂಭದಲ್ಲಿ ಮಿನಿಯಾಪೊಲಿಸ್‌ನ ಕೇಂದ್ರ ಗ್ರಂಥಾಲಯದಲ್ಲಿ ಇವನ್ನೆಲ್ಲ ಸಾರ್ವಜನಿಕರ ಮುಂದಿಟ್ಟರು. ಮನೆಯಲ್ಲಿ ಇಂಥ ವಸ್ತು ಇಟ್ಟುಕೊಂಡು ಬದುಕುವುದು ಸುಲಭವಲ್ಲ.

ಮಕ್ಕಳಿಗೆ ಅವರಲ್ಲಿ ಮೆಚ್ಚಿಗೆಯಾಗುವುದು ಪದಕವಲ್ಲ, ಕಿರುಬೆರಳು. ಆಟದಲ್ಲಿ ಕೀಲು ತಪ್ಪಿ ತಪ್ಪಿ ಅದು ಅಂಗೈಯಿಂದ ಲಂಬಕೋನಕ್ಕೆ ತಿರುಗಿ ನಿಂತಿದೆ. ಶಾಲೆಗೆ ಹೋದಲ್ಲೆಲ್ಲ ಹುಡುಗರ ಕಣ್ಣು ಅಲ್ಲೇ. ಶಿಕ್ಷಕಿಯಾಗಿರುವ ಮಗಳು ಕೇಮಿ ಜೊತೆ ಕೂಡಿ 2013ರಲ್ಲಿ ಆ ಬೆರಳನ್ನೇ ನಾಯಕನನ್ನಾಗಿ ಮಾಡಿ ಮಕ್ಕಳ ಚಿತ್ರಪುಸ್ತಕ ತಂದರು. 2017ರಲ್ಲಿ ಮಿನಿಯಾಪೊಲಿಸ್‌ನ ಒಂದು ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗಳು ಡಕೋಟ ಮೂಲನಿವಾಸಿಗಳನ್ನು ಓಡಿಸಬೇಕೆಂದಿದ್ದ ಹಳೆಯ ಗವರ್ನರ್ ಅಲೆಕ್ಸಾಂಡರ್ ರಾಮ್ಸಿಯ ಹೆಸರು ತಮ್ಮ ಶಾಲೆಗೆ ಬೇಡವೆಂದು ಒತ್ತಾಯಿಸಿದರು. ಈಗ ಅದು ಜಸ್ಟಿಸ್ ಪೇಜ್ ಶಾಲೆ. ಅಕ್ಟೋಬರಿನಲ್ಲಿ ಮಿನಿಯಾಪೊಲಿಸ್ ಸೇರಿದ ಅವಳಿ ನಗರಗಳ ಮ್ಯಾರಥಾನ್ ನಡೆಯುವಾಗ ಮನೆಯ ಹತ್ತಿರ ದಾರಿ ಬದಿಯಲ್ಲಿ ನಿಂತು, ಮೈಗೆ ಸುತ್ತಿಕೊಳ್ಳುವ ದೈತ್ಯ ಕಹಳೆ ಸೂಸಾಫೋನ್ ಊದಿ ಓಟಗಾರರನ್ನು ಹುರಿದುಂಬಿಸುವ ವೃದ್ಧರನ್ನು ಕಂಡರೆ ಅವರೇ ಪೇಜ್.

2020ರ ಜನವರಿಯಲ್ಲಿ ಅವರು ಇನ್ನೊಂದು ಜಗಳಕ್ಕೆ ಇಳಿದರು. ಜೊತೆಗಿದ್ದವರು ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ, ಕಾಶ್ಮೀರಿ ಮೂಲದ ತಂದೆತಾಯಿಯ ಮಗ ನೀಲ್ ಕಾಶ್ಕರಿ. ಮಿನೆಸೋಟದ ಸಂವಿಧಾನದ ಶಿಕ್ಷಣದ ವಿಧಿ 1857ರದು. ಏಕರೂಪದ ಸಾರ್ವಜನಿಕ ಶಾಲಾ ವ್ಯವಸ್ಥೆ ನಡೆಸುವುದು ಶಾಸನಸಭೆಯ ಕರ್ತವ್ಯ ಎಂದಷ್ಟೇ ಅದು ಹೇಳುತ್ತದೆ. ಅದನ್ನು ತೆಗೆದು, ಗುಣಮಟ್ಟದ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಎಂದು ಬರೆಯಬೇಕೆಂಬುದು ಇಬ್ಬರ ವಾದ. ಶಿಕ್ಷಕರ ಸಂಘ ಒಪ್ಪಲಿಲ್ಲ. ಶಾಸನಸಭೆಯ ಹೆಗಲ ಭಾರ ಇಳಿಸಿದರೆ ಸರ್ಕಾರಿ ಶಾಲೆಗಳ ದುಡ್ಡು ಖಾಸಗಿಯವರತ್ತ ಹರಿದೀತು, ಪಠ್ಯದ ಪ್ರಶ್ನೆಗಳೆಲ್ಲ ಕೋರ್ಟಿಗೆ ಹೋದಾವು ಎಂಬ ಅವರ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಮಗುವಿನ ಕೈಗೆ ಹಕ್ಕು ಕೊಡದೆ ವ್ಯವಸ್ಥೆಯನ್ನು ಪ್ರಶ್ನಿಸುವವರು ಯಾರು ಎಂಬ ಪೇಜ್ ಅವರ ಮರುಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಪಕ್ಷಭೇದವಿಲ್ಲದೆ ಬೆಂಬಲವೂ ವಿರೋಧವೂ ಎದ್ದವು. ಆ ಪ್ರಸ್ತಾಪಕ್ಕೆ ಅಲ್ಲಿಯ ಜನ 'ಪೇಜ್ ತಿದ್ದುಪಡಿ' ಎನ್ನುತ್ತಾರೆ.